ಮೊದಲು ತಕ್ಕಡಿ, ಆಮೇಲೆ ಯಂತ್ರ



ನಿಮ್ಮ ಕೊಟ್ಟಿಗೆಯಲ್ಲಿ ಎಷ್ಟು ದನಗಳಿವೆ ಎಂದು ಯಾರಾದರೂ ಕೇಳಿದರೆ ನೀವು ಥಟ್ಟನೆ ಉತ್ತರ ಹೇಳುವಿರಿ. ಕಳೆದ ಸುಗ್ಗಿಯಲ್ಲಿ ಎಷ್ಟು ಚೀಲ ರಾಗಿ ಬಂತು ಎಂಬುದೂ ನಿಮಗೆ ಬಾಯಲ್ಲೇ ಇರುತ್ತದೆ. ಆದರೆ ಆ ದನಗಳಿಂದ ದಿನಕ್ಕೆ ಎಷ್ಟು ಕಿಲೋ ಸೆಗಣಿ ಕೈಗೆ ಸಿಗುತ್ತದೆ? ನಿಮ್ಮ ಮನೆಯ ಒಲೆ ದಿನಕ್ಕೆ ಎಷ್ಟು ಕಿಲೋ ಸೌದೆ ನುಂಗುತ್ತದೆ? ಬಚ್ಚಲ ಹಂಡೆಗೆ ಎಷ್ಟು, ಅಡಿಗೆಗೆ ಎಷ್ಟು? ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ನಮ್ಮಲ್ಲಿ ವಿರಳ. ಹಣ ಕೊಟ್ಟು ಕೊಳ್ಳದ ವಸ್ತುವಿಗೆ ನಾವು ಲೆಕ್ಕ ಇಡುವುದಿಲ್ಲ. ಹಣ ಕೊಡದೆ ದೊರೆಯುವ ಹೆಂಗಸರ ದುಡಿಮೆಗಂತೂ ಲೆಕ್ಕವೇ ಇಲ್ಲ.

ಈ ಲೆಕ್ಕವನ್ನು ತೂಕ ಹಾಕಿ, ಗಡಿಯಾರ ಹಿಡಿದು ಬರೆದಿಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು. ಸಾಮಾನ್ಯ ಜನ ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವ ಆ ಸಂಸ್ಥೆಯ ಸಂಶೋಧನೆ ಕುಣಿಗಲ್ ತಾಲ್ಲೂಕಿನ ಒಂದು ಸಣ್ಣ ಹಳ್ಳಿಗೆ ಬಂದುದು, ಅಲ್ಲಿ ಒಮ್ಮೆ ಎಡವಿದುದು, ಎಡವಿದ ಮೇಲೆ ಎದ್ದು ನಡೆದುದು, ಇವೆಲ್ಲ ಪ್ರತಿಯೊಬ್ಬ ಬೇಸಾಯಗಾರನೂ ತಿಳಿಯತಕ್ಕ ವಿಷಯ. ಏಕೆಂದರೆ ಮುಂದೆ ನೀವು ಗೋಬರ್ ಅನಿಲ ಸ್ಥಾವರ ಕಟ್ಟಿಸುವಾಗಲಿ, ಸೌರ ಪಂಪು ಕೊಳ್ಳುವಾಗಲಿ, ಮನೆ ಕಟ್ಟುವಾಗಲಿ ಈ ಅನುಭವ ನಿಮ್ಮ ಹಣವನ್ನು ಉಳಿಸಬಲ್ಲದು.

ಪ್ರಯೋಗಶಾಲೆಯಿಂದ ಹಳ್ಳಿಗೆ

ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದುದು 1909ರಲ್ಲಿ. ಜಮ್‌ಷೆಡ್‌ಜಿ ಟಾಟಾ ಅವರ ಸಂಕಲ್ಪ ಮತ್ತು ದತ್ತಿ, ಮೈಸೂರು ಸಂಸ್ಥಾನ ನೀಡಿದ ಭೂಮಿ, ಇವೆರಡರ ಬಲದಿಂದ ಅದು ತಲೆಯೆತ್ತಿತು. 1958ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಮಾನ್ಯತೆ ಪಡೆಯಿತು. ವಿಮಾನ, ಲೋಹ, ವಿದ್ಯುತ್, ರಸಾಯನ ಮೊದಲಾದ ಶಾಸ್ತ್ರಗಳಲ್ಲಿ ಉನ್ನತ ಸಂಶೋಧನೆ ನಡೆಸುವ ಸಾರ್ವಜನಿಕ ವಿದ್ಯಾಸಂಸ್ಥೆಯಿದು.

ಇಂತಹ ಸಂಸ್ಥೆಯಲ್ಲಿ 1974ರಲ್ಲಿ ಒಂದು ಹೊಸ ಯೋಚನೆ ಮೂಡಿತು. ಆಗ ಪ್ರೊ. ಸತೀಶ್ ಧವನ್ ನಿರ್ದೇಶಕರಾಗಿದ್ದರು. ವಿದ್ಯುತ್-ರಸಾಯನ ಶಾಸ್ತ್ರದಲ್ಲಿ ಹೆಸರು ಮಾಡಿದ್ದ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಹಲವು ಇಲಾಖೆಗಳ ಅಧ್ಯಾಪಕರು ಒಂದುಗೂಡಿದರು. ದೇಶದ ಬಹುಪಾಲು ಜನ ಹಳ್ಳಿಗಳಲ್ಲಿರುವಾಗ, ತಮ್ಮ ವಿದ್ಯೆಯಿಂದ ಅವರಿಗೆ ಏನು ಪ್ರಯೋಜನವಾಯಿತು ಎಂಬುದು ಅವರನ್ನು ಕಾಡಿದ ಪ್ರಶ್ನೆ. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಅನ್ವಯ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಈ ಕಾರ್ಯಕ್ರಮಕ್ಕೆ 'ಅಸ್ತ್ರ' ಎಂದು ಹೆಸರಿಟ್ಟರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಇದರ ವಿಸ್ತರಣಾ ಕೇಂದ್ರ ತೆರೆಯಿತು. ಅಂದು 'ಅಸ್ತ್ರ' ಎನಿಸಿಕೊಂಡ ವಿಭಾಗವೇ ಮುಂದೆ ಅದೇ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಯಿತು.

'ಸುಸ್ಥಿರ' ಎಂಬ ಮಾತು ದೊಡ್ಡದಾಗಿ ಕಾಣಬಹುದು. ಆದರೆ ಅದರ ಅರ್ಥ ನಮಗೆ ಹೊಸದೇನೂ ಅಲ್ಲ. ಎಷ್ಟೇ ಹಸಿವಿದ್ದರೂ ಬೀಜದ ರಾಗಿಯನ್ನು ಬೀಸಿ ಉಣ್ಣಬಾರದು ಎಂದು ನಮ್ಮ ಹಿರಿಯರು ತಿಳಿದಿದ್ದರು. ಇಂದಿನ ಬಳಕೆ ನಾಳಿನ ಬಿತ್ತನೆಯನ್ನು ಕೆಡಿಸಬಾರದು ಎಂಬುದೇ ಇದರ ತಿರುಳು.

ಲೆಕ್ಕ ಹೇಳಿದ ಸತ್ಯ

ಉಂಗ್ರದ ಸುತ್ತಲಿನ ಆರು ಹಳ್ಳಿಗಳನ್ನು ವಿಜ್ಞಾನಿಗಳು ಅಧ್ಯಯನಕ್ಕೆ ಆರಿಸಿಕೊಂಡರು. ಅವುಗಳಲ್ಲಿ ಪುರ ಎಂಬುದೊಂದು. 1977ರಲ್ಲಿ ಅಲ್ಲಿ 56 ಮನೆಗಳೂ 357 ಜನರೂ ಇದ್ದರು. ಯಂತ್ರವನ್ನು ಹೊತ್ತು ತರುವ ಮೊದಲು ಅವರು ಊರಿನ ಶಕ್ತಿಯ ಲೆಕ್ಕ ಹಿಡಿದರು. ಸೌದೆ, ಸೀಮೆಎಣ್ಣೆ, ವಿದ್ಯುತ್ತು, ಎತ್ತಿನ ದುಡಿಮೆ, ಮನುಷ್ಯನ ದುಡಿಮೆ ಎಲ್ಲವನ್ನೂ ಒಂದೇ ಅಳತೆಗೆ ತಂದು ಕೂಡಿಸಿದರು.

ಫಲಿತಾಂಶ ಹೀಗಿತ್ತು. ಪುರ ಗ್ರಾಮ ಬಳಸುತ್ತಿದ್ದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 89 ಭಾಗ ಸೌದೆಯಿಂದ ಬರುತ್ತಿತ್ತು. ಮನುಷ್ಯರ ದುಡಿಮೆ 7 ಭಾಗ, ಸೀಮೆಎಣ್ಣೆ 2 ಭಾಗ, ಎತ್ತುಗಳ ದುಡಿಮೆ 1 ಭಾಗ, ವಿದ್ಯುತ್ತು 1 ಭಾಗ. ಸೌದೆಯಲ್ಲಿ ನೂರಕ್ಕೆ 82 ಭಾಗ ಅಡಿಗೆಗೆ, 14 ಭಾಗ ಸ್ನಾನದ ನೀರು ಕಾಯಿಸಲು, ಉಳಿದ 4 ಭಾಗ ಕೈಗಾರಿಕೆಗೆ. ಆ ದಿನಗಳಲ್ಲಿ ಶಕ್ತಿಯ ಕೊರತೆ ಎಂದರೆ ಪಟ್ಟಣದ ಜನ ಪೆಟ್ರೋಲು ಮತ್ತು ವಿದ್ಯುತ್ತಿನ ಮಾತಾಡುತ್ತಿದ್ದರು. ಹಳ್ಳಿಯ ಶಕ್ತಿಯ ಪ್ರಶ್ನೆ ಇದ್ದುದು ಅಡಿಗೆ ಮನೆಯ ಒಲೆಯಲ್ಲಿ!

ಮನುಷ್ಯರ ದುಡಿಮೆಯ ಲೆಕ್ಕವನ್ನಂತೂ ತಾವು ಎರಡು ಸಲ ಓದಬೇಕು. ಊರಿನವರು ವರ್ಷದಲ್ಲಿ ಪಟ್ಟ ಒಟ್ಟು ಶ್ರಮದಲ್ಲಿ ಬೇಸಾಯಕ್ಕೆ ಹೋದುದು ನೂರಕ್ಕೆ 12 ಭಾಗ ಮಾತ್ರ. ಕೈಗಾರಿಕೆಗೆ 8 ಭಾಗ. ಉಳಿದ 80 ಭಾಗವೂ ಮನೆವಾರ್ತೆಗೆ: ದನ ಮೇಯಿಸಲು 37, ಅಡಿಗೆಗೆ 19, ಸೌದೆ ಕೂಡಿಸಲು 14, ನೀರು ತರಲು 10. ಈ ಹೊರೆಯ ಬಹು ಪಾಲು ಹೆಂಗಸರ ಮತ್ತು ಮಕ್ಕಳ ತಲೆಯ ಮೇಲಿತ್ತು. ಸೌದೆಯ ಹೊರೆ ಹೊತ್ತ ಹುಡುಗಿ, ದನದ ಹಿಂದೆ ಹೋದ ಹುಡುಗ ಶಾಲೆಯಲ್ಲಿ ಇರಲಾರರು. 'ಶಕ್ತಿಯ ಸಮಸ್ಯೆ' ಎಂಬ ಮಾತಿನೊಳಗೆ ಅಡಗಿದ್ದುದು ಈ ಕಷ್ಟ.

ಮೊದಲ ಯೋಜನೆ ಏಕೆ ನಿಲ್ಲಲಿಲ್ಲ

ಸೌದೆ ಒಲೆಯೇ ಸಮಸ್ಯೆಯಾದರೆ ಪರಿಹಾರ ಕಣ್ಣೆದುರಿಗೇ ಇದೆಯಲ್ಲ ಎಂದು ತಮಗೆ ತೋರಬಹುದು. ವಿಜ್ಞಾನಿಗಳಿಗೂ ಹಾಗೆಯೇ ತೋರಿತು. ಊರಿನ ಸೆಗಣಿಯನ್ನೆಲ್ಲ ಒಂದೆಡೆ ಸೇರಿಸಿ ದೊಡ್ಡ ಸಾಮೂಹಿಕ ಅನಿಲ ಸ್ಥಾವರ ಕಟ್ಟುವುದು, ಕೊಳವೆಗಳ ಮೂಲಕ ಮನೆಮನೆಗೆ ಅಡಿಗೆ ಅನಿಲ ಕೊಡುವುದು. 1980ರ ದಶಕದ ಮೊದಲ ವರ್ಷಗಳಲ್ಲಿ ಈ ಪ್ರಯತ್ನ ನಡೆಯಿತು. ಆದರೆ ಅದು ನಿಲ್ಲಲಿಲ್ಲ. ಅನಿಲ ಸಾಲದೇ ಹೋಯಿತು.

ಕಾರಣವನ್ನು ನಾವೇ ಲೆಕ್ಕ ಹಾಕಿ ನೋಡೋಣ. ಪುರದ ಸ್ಥಾವರದ ಅಳತೆ ದಿನಕ್ಕೆ ಸುಮಾರು 1,250 ಕಿಲೋ ಸೆಗಣಿಯದು. ಒಂದು ಕಿಲೋ ಹಸಿ ಸೆಗಣಿಯಿಂದ ಸುಮಾರು 34 ಲೀಟರು ಅನಿಲ ಬರುತ್ತದೆ. ಹಾಗಾಗಿ ದಿನಕ್ಕೆ ದೊರೆಯಬಹುದಾದ ಅನಿಲ 42.5 ಘನ ಮೀಟರು. ಎರಡು ಹೊತ್ತಿನ ಅಡಿಗೆಗೆ ತಲೆಗೆ ಕಾಲು ಘನ ಮೀಟರು ಅನಿಲವಾದರೂ ಬೇಕು. 357 ಜನರಿಗೆ 89 ಘನ ಮೀಟರು ಆಯಿತು. ಇರುವುದು ಬೇಕಾದುದರ ಅರ್ಧಕ್ಕಿಂತ ಕಡಿಮೆ!

ಅಡಿಗೆಯ ನಡುವೆ ಅನಿಲ ನಿಂತರೆ ಏನಾಗುವುದೆಂದು ಮನೆ ನಡೆಸುವ ಹೆಣ್ಣುಮಕ್ಕಳನ್ನು ಕೇಳಬೇಕು. ಎಸರು ಕಾದು ಹಿಟ್ಟು ಹಾಕುವ ಹೊತ್ತಿಗೆ ಉರಿ ಆರಿದರೆ ಮುದ್ದೆ ಆಗುವುದಿಲ್ಲ. ಮತ್ತೆ ಸೌದೆ ಒಲೆ ಹೊತ್ತಿಸಲೇಬೇಕು. ಎರಡು ಒಲೆ ಕಾಯುವ ಕಷ್ಟಕ್ಕಿಂತ ಹಳೆಯ ಒಂದು ಒಲೆಯೇ ಮೇಲು. ಅನಿಲ ಅರೆಬರೆ ಸಿಗುವುದಾದರೆ ಸೆಗಣಿ ಹೊತ್ತು ತಂದು ಕೊಡುವ ಉತ್ಸಾಹವೂ ಉಳಿಯದು. ಸೆಗಣಿ ಕಡಿಮೆಯಾದಷ್ಟೂ ಅನಿಲ ಕಡಿಮೆ. ಅನಿಲ ಕಡಿಮೆಯಾದಷ್ಟೂ ಸೆಗಣಿ ಕಡಿಮೆ.

ಹೀಗಾದಾಗ ಜನರ ಅಜ್ಞಾನವೇ ಇದಕ್ಕೆ ಕಾರಣವೆಂದು ವರದಿ ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಈ ವಿಜ್ಞಾನಿಗಳು ಹಾಗೆ ಮಾಡಲಿಲ್ಲ. ತಪ್ಪು ಯೋಜನೆಯಲ್ಲಿದೆ ಎಂದು ಒಪ್ಪಿ, ಊರಿನವರೊಡನೆ ಕುಳಿತು, ಅವರಿಗೆ ನಿಜವಾಗಿ ಬೇಕಾದುದೇನು ಎಂಬುದರಿಂದ ಮತ್ತೆ ಆರಂಭಿಸಿದರು. ಊರಿಗೆ ಬೇಕಾಗಿದ್ದುದು ಶುದ್ಧವಾದ ನೀರು ಮತ್ತು ನೆಚ್ಚಿಕೊಳ್ಳಬಹುದಾದ ಬೆಳಕು.

ಅದೇ ಸೆಗಣಿ, ಬೇರೆ ಉಪಯೋಗ

ಈಗ ಲೆಕ್ಕ ಬದಲಾಯಿತು. ಒಂದು ಘನ ಮೀಟರು ಅನಿಲದಿಂದ ನಾಲ್ಕು ಜನರ ಒಂದು ದಿನದ ಅಡಿಗೆಯಾಗುತ್ತದೆ. ಅದೇ ಅನಿಲವನ್ನು ಎಂಜಿನಿಗೆ ಕೊಟ್ಟು ವಿದ್ಯುತ್ತು ಮಾಡಿದರೆ ಸುಮಾರು ಒಂದೂವರೆ ಯೂನಿಟ್ಟು ಸಿಗುತ್ತದೆ. 20 ವಾಟಿನ ಒಂದು ಕೊಳವೆ ದೀಪ ಒಂದು ಯೂನಿಟ್ಟಿನಲ್ಲಿ 50 ಗಂಟೆ ಉರಿಯುತ್ತದೆ. ಸಂಜೆ ನಾಲ್ಕು ಗಂಟೆ ಹೊತ್ತು ದೀಪ ಬೇಕೆಂದರೆ ಆ ಒಂದು ಘನ ಮೀಟರಿನಿಂದ ಹದಿನೆಂಟು ಮನೆಗೆ ಒಂದೊಂದು ದೀಪ ಉರಿಸಬಹುದು. ಒಂದು ಸಂಸಾರದ ಅಡಿಗೆಯೋ, ಹದಿನೆಂಟು ಮನೆಯ ಬೆಳಕೋ? ಅಡಿಗೆಗೆ ಸಾಲದ ಸೆಗಣಿ ಬೆಳಕಿಗೂ ನೀರಿಗೂ ಸಾಕಾಗಿ ಮಿಕ್ಕಿತು.

1987ರಲ್ಲಿ ಹೊಸ ಏರ್ಪಾಡು ಆರಂಭವಾಯಿತು. ಡೀಸೆಲ್ ಎಂಜಿನನ್ನು ಅನಿಲದಿಂದ ಓಡುವಂತೆ ಹೊಂದಿಸಿದರು. ಕಿಡಿ ಹೊತ್ತಿಕೊಳ್ಳಲು ಮಾತ್ರ ಸ್ವಲ್ಪ ಡೀಸೆಲ್ ಸಾಕು. ಅದಕ್ಕೆ ಸುಮಾರು 5 ಕಿಲೋವಾಟಿನ ವಿದ್ಯುಜ್ಜನಕ ಜೋಡಿಸಿದರು. ಮೊದಲು ಕೊಳವೆ ಬಾವಿಯ ನೀರನ್ನು ಎತ್ತಿ ತೊಟ್ಟಿಗೆ ತುಂಬಿ ಕೊಳಾಯಿಗಳಲ್ಲಿ ಹರಿಸಲಾಯಿತು. ಆ ಮೇಲೆ ಮನೆಗಳಿಗೆ ದೀಪ ಬಂತು. ಯಂತ್ರ ನಡೆಸುವ ಕೆಲಸಕ್ಕೆ ಊರಿನ ಯುವಕರನ್ನೇ ತಯಾರು ಮಾಡಲಾಯಿತು. ಪಟ್ಟಣದ ಮೆಕ್ಯಾನಿಕ್ ಬರುವವರೆಗೆ ಕಾಯುವ ಯಂತ್ರ ಹಳ್ಳಿಯಲ್ಲಿ ಬಾಳುವುದಿಲ್ಲ ಎಂಬುದು ನೀವು ಪಂಪುಸೆಟ್ಟಿನಿಂದಲೇ ಬಲ್ಲಿರಿ.

ಗೊಬ್ಬರದ ವಿಷಯದಲ್ಲಿಯೂ ಎಚ್ಚರ ವಹಿಸಿದರು. ಸ್ಥಾವರದಿಂದ ಹೊರಬರುವ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಹರಿಸಿ ಸೋಸುತ್ತಿದ್ದರು. ಬಸಿದ ನೀರನ್ನು ಹೊಸ ಸೆಗಣಿ ಕಲಸಲು ಮತ್ತೆ ಬಳಸುತ್ತಿದ್ದರು. ಇದರಿಂದ ನೀರೂ ಉಳಿಯಿತು, ಅನಿಲ ಹುಟ್ಟಿಸುವ ಸೂಕ್ಷ್ಮಜೀವಿಗಳೂ ಹೊಸ ಸೆಗಣಿಗೆ ಬೆರೆತವು. ಮೇಲೆ ಉಳಿದ ಗಟ್ಟಿ ಗೊಬ್ಬರ ಸೆಗಣಿ ಕೊಟ್ಟವರಿಗೇ ಹಿಂದಕ್ಕೆ ಹೋಗುತ್ತಿತ್ತು. ಸೆಗಣಿ ಕೊಟ್ಟರೆ ತಿಪ್ಪೆ ಬರಿದಾಗುತ್ತದೆ ಎಂಬ ರೈತನ ಅಳುಕಿಗೆ ಇದೇ ಉತ್ತರ. ಅನಿಲವಾಗಿ ಹೋಗುವುದು ಸೆಗಣಿಯ ಇಂಗಾಲದ ಅಂಶ. ಬೆಳೆಗೆ ಬೇಕಾದ ಸಾರಜನಕ ಬಗ್ಗಡದಲ್ಲಿಯೇ ಉಳಿಯುತ್ತದೆ.

ಗೋಮಾಳದ ಕಥೆ ಮತ್ತು ಪುರದ ಉತ್ತರ

ಸೆಗಣಿ ತಂದವರಿಗೆ ಕಿಲೋಗೆ 2 ಪೈಸೆಯಂತೆ ಸಾಗಣೆ ಕೂಲಿ ಕೊಡುವ ಏರ್ಪಾಡೂ ಇತ್ತು. ತಂದ ಸೆಗಣಿಯನ್ನು ತೂಗಿ ಲೆಕ್ಕ ಬರೆಯುತ್ತಿದ್ದರು. ಹೊತ್ತು ತರುವವರು ಹೆಚ್ಚಾಗಿ ಹೆಂಗಸರು ಮಕ್ಕಳಾದ್ದರಿಂದ ಆ ಪುಡಿಗಾಸು ನೇರವಾಗಿ ಅವರ ಕೈ ಸೇರುತ್ತಿತ್ತು. ಅದುವರೆಗೆ ಬಿಟ್ಟಿ ಎಂದೇ ತಿಳಿದಿದ್ದ ದುಡಿಮೆಗೆ ಮೊದಲ ಬಾರಿಗೆ ಒಂದು ಬೆಲೆ ಬಂತು. ಮೊತ್ತ ಸಣ್ಣದಾದರೂ ಈ ಅಂಶ ಸಣ್ಣದಲ್ಲ.

ಅಮೆರಿಕದ ವಿದ್ವಾಂಸ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಒಂದು ವಾದ ಮುಂದಿಟ್ಟಿದ್ದರು. ಊರಿಗೆಲ್ಲ ಸೇರಿದ ಗೋಮಾಳದಲ್ಲಿ ಪ್ರತಿಯೊಬ್ಬನೂ ತನ್ನ ಲಾಭಕ್ಕಾಗಿ ಇನ್ನೊಂದು ದನ ಬಿಡುತ್ತಾ ಹೋಗುತ್ತಾನೆ, ಕೊನೆಗೆ ಹುಲ್ಲು ಹಾಳಾಗಿ ಎಲ್ಲರೂ ಕೆಡುತ್ತಾರೆ ಎಂಬುದು ಅದರ ಸಾರ. ಸಾಮೂಹಿಕ ಸೊತ್ತು ಎಂದರೆ ಹಾಳಾಗುವ ಸೊತ್ತು ಎಂದು ಹಲವರು ಅದನ್ನು ಉದ್ಧರಿಸುತ್ತಿದ್ದರು. ಪುರದ ಅನುಭವವನ್ನು ಮುಂದಿಟ್ಟು ಪ್ರೊ. ರೆಡ್ಡಿಯವರು ಇದಕ್ಕೆ ಉತ್ತರ ಬರೆದರು. ಪುರದಲ್ಲಿ ಒಬ್ಬ ಸೆಗಣಿ ಕೊಡದೆ ತಪ್ಪಿಸಿಕೊಂಡರೆ, ಹಾಗೆಯೇ ಇನ್ನೊಬ್ಬನೂ ಮಾಡಿದರೆ, ಎಂಜಿನು ನಿಲ್ಲುತ್ತದೆ. ಅವರ ಮನೆಯ ದೀಪ ಮತ್ತು ಕೊಳಾಯಿಯೂ ನಿಲ್ಲುತ್ತದೆ. ಸಹಕರಿಸದಿರುವುದರಿಂದ ತನಗೇ ನಷ್ಟ ಎಂದು ಅಂದೇ ಗೊತ್ತಾಗುವ ಕಡೆ ಸಾಮೂಹಿಕ ಸೊತ್ತು ಶಾಪವಾಗದೆ ವರವಾಗುತ್ತದೆ ಎಂದು ಅವರು ವಾದಿಸಿದರು.

ಆದರೆ ಈ ವರಕ್ಕೂ ಒಂದು ಎಲ್ಲೆ ಉಂಟು. ಪುರದ ಆ ಸ್ಥಾವರ ಇಂದು ನಡೆಯುತ್ತಿಲ್ಲ. 2004ರಲ್ಲಿ, ತಾವು ತೀರಿಕೊಳ್ಳುವ ಎರಡು ವರ್ಷ ಮೊದಲು, ರೆಡ್ಡಿಯವರು ಅದರ ಪಾಠಗಳನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟರು. ಹತ್ತು ಜನ ಕೂಡಿ ನಡೆಸುವ ಏರ್ಪಾಡು ಯಾವಾಗ ಸಡಿಲವಾಗುತ್ತದೆ ಎಂಬುದು ಬೇಸಾಯಗಾರರಾದ ನಮಗೆ ಕೆರೆಗಳಿಂದಲೇ ತಿಳಿದಿದೆ. ಕೆರೆಯ ನೀರೇ ಗತಿಯಾಗಿದ್ದಾಗ ನೀರುಗಂಟಿಯ ಮಾತಿಗೆ ಬೆಲೆಯಿತ್ತು, ಹೂಳೆತ್ತಲು ಮನೆಗೊಬ್ಬ ಆಳು ಬರುತ್ತಿದ್ದ. ಹೊಲಕ್ಕೊಂದು ಕೊಳವೆ ಬಾವಿ ಬಂದ ಮೇಲೆ ತೂಬು ಮುರಿದರೂ ಕೇಳುವವರಿಲ್ಲ. ಆದ್ದರಿಂದ ಇಂತಹ ಕೆಲಸಗಳಲ್ಲಿ ಯಂತ್ರದ ಆಯುಸ್ಸಿನಷ್ಟೇ ಅದನ್ನು ನಡೆಸುವ ಒಗ್ಗಟ್ಟಿನ ಆಯುಸ್ಸನ್ನೂ ಮೊದಲೇ ಯೋಚಿಸಬೇಕು.

ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಇನ್ನೊಂದು ಬಗೆಯ ಪ್ರಯೋಗ ನಡೆಯಿತು. ಅಲ್ಲಿ ಸೆಗಣಿಯ ಬದಲು ಕಟ್ಟಿಗೆಯ ಚೂರುಗಳನ್ನು ಅನಿಲಕಾರಿಯಲ್ಲಿ ಅರೆಗಾಳಿಯಲ್ಲಿ ಸುಟ್ಟು, ಬಂದ ಅನಿಲದಿಂದ ಎಂಜಿನು ಓಡಿಸಿ ದೀಪ ಹಾಕಿದರು. ಇದಕ್ಕೆ ಬೇಕಾದ ಕಟ್ಟಿಗೆಗಾಗಿ ಮರಗಳನ್ನೂ ಬೆಳೆಸಿದರು. ಒಂದೇ ಸಂಸ್ಥೆ, ಒಂದೇ ತಾಲ್ಲೂಕು. ಆದರೂ ಒಂದು ಊರಿಗೆ ಸೆಗಣಿ, ಇನ್ನೊಂದಕ್ಕೆ ಕಟ್ಟಿಗೆ.

ಹೊಗೆ ಕಡಿಮೆ, ಸೌದೆ ಕಡಿಮೆ

ಅಡಿಗೆಗೆ ಅನಿಲ ಸಾಲದಿದ್ದರೆ ಅಡಿಗೆಮನೆಯ ಕಷ್ಟ ಹಾಗೆಯೇ ಉಳಿಯಿತಲ್ಲ ಎಂದು ತಾವು ಕೇಳಬಹುದು. ಇದಕ್ಕೆ 'ಅಸ್ತ್ರ'ದವರು ಬೇರೆ ದಾರಿ ಹುಡುಕಿದರು. ಸಾಮಾನ್ಯ ಮಣ್ಣಿನ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತನೇ ಒಂದು ಭಾಗ ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದುದು ಗೋಡೆಗೆ, ಗಾಳಿಗೆ, ಅಡಿಗೆ ಮಾಡುವವಳ ಮುಖಕ್ಕೆ! ಸೌದೆ ಹೆಚ್ಚು ತರುವ ಬದಲು ಈ ಸೋರಿಕೆ ತಡೆದರೆ ಹೇಗೆ? ಪ್ರೊ. ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಾಸ್ ಮತ್ತು ಅವರ ಸಂಗಡಿಗರು ಹೀಗೆ ರೂಪಿಸಿದುದೇ 'ಅಸ್ತ್ರ ಒಲೆ'. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಲಿಯ ಆಸರೆಯಿಂದ ಇದು ರಾಜ್ಯದ ಹಳ್ಳಿಗಳಿಗೆ ಹರಡಿತು.

ಮೂರು ಪಾತ್ರೆ ಒಟ್ಟಿಗೆ ಇಡಬಹುದಾದ ಈ ಒಲೆಯಲ್ಲಿ ಉರಿಯ ಗೂಡು ಮುಚ್ಚಿದ್ದು, ಸೌದೆಯ ಕೆಳಗೆ ಜಾಲರಿ ಇರುತ್ತದೆ. ಗಾಳಿ ಜಾಲರಿಯ ಕೆಳಗಿನಿಂದ ಅಳತೆಯಲ್ಲಿ ಬರುತ್ತದೆ. ಬಿಸಿ ಗಾಳಿ ಮೊದಲ ಪಾತ್ರೆಯಿಂದ ಎರಡನೆಯ ಮತ್ತು ಮೂರನೆಯ ಪಾತ್ರೆಗಳ ತಳ ಸವರಿಕೊಂಡು ಹೋಗಿ ಹೊಗೆ ಕೊಳವೆಯಿಂದ ಮನೆಯ ಹೊರಕ್ಕೆ ಬೀಳುತ್ತದೆ. ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಶಾಖದ ನೂರಕ್ಕೆ 40 ಭಾಗಕ್ಕೂ ಮೀರಿ ಪಾತ್ರೆಗೆ ಸೇರಿತು. ಮನೆಯ ಬಳಕೆಯಲ್ಲಿ ಅಷ್ಟು ಬಾರದಿದ್ದರೂ ಉಳಿತಾಯ ಗಣನೀಯ.

ಇಂದು ಹೆಚ್ಚಿನ ಮನೆಗಳಿಗೆ ಅಡಿಗೆ ಅನಿಲದ ಸಿಲಿಂಡರು ಬಂದಿದೆ. ಆದರೆ ಹಂಡೆಯ ನೀರಿಗೆ, ದನದ ಹುರುಳಿ ಬೇಯಿಸಲು, ಹಬ್ಬದ ಅಡಿಗೆಗೆ ಈಗಲೂ ಸೌದೆಯೇ. ಆದುದರಿಂದ ಒಲೆಯ ಬಗ್ಗೆ ಕೆಲವು ಅಂಶಗಳನ್ನು ನೆನಪಿಡುವುದು ಒಳ್ಳೆಯದು:

1. ಒಲೆಯ ಕಂಡಿಗಳು ನಿಮ್ಮ ಪಾತ್ರೆಯ ಅಳತೆಗೆ ಸರಿಯಾಗಿರಲಿ. ಸಂದಿ ಬಿಟ್ಟರೆ ಹೊಗೆಯೂ ಶಾಖವೂ ಅಲ್ಲಿಯೇ ಹೊರಬೀಳುತ್ತವೆ.

2. ಅಳತೆಯನ್ನು ಕಣ್ಣಂದಾಜಿನಲ್ಲಿ ಬದಲಿಸಬೇಡಿರಿ. ಗೂಡು ದೊಡ್ಡದಾದರೆ ಸೌದೆ ಹೆಚ್ಚು ಉರಿಯುತ್ತದೆ, ಅಷ್ಟೇ.

3. ಸೌದೆಯನ್ನು ಚೆನ್ನಾಗಿ ಒಣಗಿಸಿ ಸಣ್ಣ ತುಂಡು ಮಾಡಿ ಹಾಕಿರಿ. ಹಸಿ ಸೌದೆಯ ಶಾಖ ತನ್ನ ನೀರನ್ನು ಆರಿಸುವುದಕ್ಕೇ ಹೋಗುತ್ತದೆ.

4. ಹೊಗೆ ಕೊಳವೆಯ ಮಸಿಯನ್ನು ಆಗಾಗ್ಗೆ ತೆಗೆಯಿರಿ. ಕಟ್ಟಿಕೊಂಡ ಕೊಳವೆಯ ಒಲೆ ಹಳೆಯ ಒಲೆಗಿಂತ ಕೆಟ್ಟದು.

ಸುಡದ ಇಟ್ಟಿಗೆ

ಸೌದೆ ಉಳಿಸುವ ಇನ್ನೊಂದು ಕೆಲಸವನ್ನೂ ಇದೇ ತಂಡ ಕೈಗೊಂಡಿತು. ಇಟ್ಟಿಗೆ ಗೂಡು ಎರಡು ಬಗೆಯಲ್ಲಿ ರೈತನಿಗೆ ನಷ್ಟ. ಅದು ಮರವನ್ನೂ ತಿನ್ನುತ್ತದೆ, ಹೊಲದ ಮೇಲ್ಮಣ್ಣನ್ನೂ ತಿನ್ನುತ್ತದೆ. ಇದಕ್ಕೆ ಬದಲಾಗಿ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಿಂದ ಅದುಮುವ ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಅವರು ಬೆಳೆಸಿದರು. ಸುಟ್ಟ ಇಟ್ಟಿಗೆಯ ಗೋಡೆಗೆ ಹೋಲಿಸಿದರೆ ಇದರಲ್ಲಿ ಶಕ್ತಿಯ ಖರ್ಚು ನೂರಕ್ಕೆ 60ರಿಂದ 70ರಷ್ಟು ಕಡಿಮೆ. ಬೆಂಗಳೂರಿನಲ್ಲಿಯೂ ಇಂತಹ ಮನೆಗಳು ಅನೇಕ ಎದ್ದಿವೆ.

ವಿಧಾನವನ್ನು ಸಂಕ್ಷೇಪವಾಗಿ ಹೇಳುವುದಾದರೆ: ಬೆಳೆ ಬೆಳೆಯುವ ಮೇಲ್ಮಣ್ಣನ್ನು ಮುಟ್ಟದೆ ಅದರ ಕೆಳಗಿನ ಮಣ್ಣನ್ನು ತೆಗೆಯಬೇಕು. ದಕ್ಷಿಣ ಕರ್ನಾಟಕದ ಕೆಂಪು ಮಣ್ಣು ಇದಕ್ಕೆ ಒಗ್ಗುತ್ತದೆ. ಎರೆಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಅದನ್ನು ಹಾಗೆಯೇ ಬಳಸಬಾರದು. ಮಣ್ಣಿನಲ್ಲಿ ಮರಳಿನ ಅಂಶ ಮೂರರಲ್ಲಿ ಎರಡು ಭಾಗದಷ್ಟಿದ್ದರೆ ಒಳ್ಳೆಯದು. ಇದನ್ನು ತಿಳಿಯಲು ಗಾಜಿನ ಸೀಸೆಯ ಮೂರರಲ್ಲಿ ಒಂದು ಭಾಗಕ್ಕೆ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ದಿನ ಬಿಡಿರಿ. ಮರಳು ಕೆಳಗೆ, ಜೇಡಿ ಮೇಲೆ ಪದರಗಳಾಗಿ ನಿಲ್ಲುತ್ತವೆ. ಮರಳು ಕಡಿಮೆಯಿದ್ದರೆ ಕಲ್ಲುಪುಡಿ ಬೆರೆಸಿ ಸರಿಪಡಿಸಬಹುದು. ನೂರು ಕಿಲೋ ಮಣ್ಣಿಗೆ 7 ಕಿಲೋ ಸಿಮೆಂಟು ಸಾಮಾನ್ಯವಾಗಿ ಸಾಕು. ಸುಟ್ಟ ಇಟ್ಟಿಗೆಯ ಎರಡೂವರೆ ಪಟ್ಟು ಗಾತ್ರದ ಇಟ್ಟಿಗೆಗಳು 50 ಕಿಲೋ ಸಿಮೆಂಟಿನ ಒಂದು ಚೀಲಕ್ಕೆ ಸುಮಾರು 80ರಿಂದ 90 ಆಗುತ್ತವೆ. ಒತ್ತಿದ ಮೇಲೆ ಒಟ್ಟಿ, ಹುಲ್ಲು ಹೊದಿಸಿ, ಮೂರು ವಾರ ತಪ್ಪದೆ ನೀರು ಚಿಮುಕಿಸಬೇಕು. ಈ ನೀರಿನಲ್ಲಿ ಜಿಪುಣತನ ಮಾಡಿದವರ ಇಟ್ಟಿಗೆ ಮೊದಲ ಮಳೆಗೇ ಮೂಲೆ ಉದುರಿಸುತ್ತದೆ.

ನೀವು ಮಾಡಬೇಕಾದುದೇನು?

ಪುರ ಗ್ರಾಮದ ಪಾಠವನ್ನು ನಿಮ್ಮ ಮನೆಯಲ್ಲಿ ಒಂದು ವಾರ ಪ್ರಯೋಗ ಮಾಡಿ ನೋಡಿರಿ. ಹೆಚ್ಚು ಸಲಕರಣೆ ಬೇಕಿಲ್ಲ. ಒಂದು ತಕ್ಕಡಿ, ಒಂದು ಬಕೆಟ್ಟು, ಮಕ್ಕಳ ಹಳೆಯ ನೋಟ್‌ಪುಸ್ತಕ ಸಾಕು. ಲೆಕ್ಕ ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮಗಳಿಗೋ ಮಗನಿಗೋ ಒಪ್ಪಿಸಿರಿ.

1. ಪ್ರತಿದಿನ ಕೊಟ್ಟಿಗೆಯಲ್ಲಿ ನಿಜವಾಗಿ ಕೈಗೆ ಸಿಕ್ಕಿದ ಸೆಗಣಿಯನ್ನು ತೂಗಿ ಬರೆಯಿರಿ. ಮೇಯಲು ಬಿಡುವ ದನಗಳ ಸೆಗಣಿಯ ಒಂದು ಪಾಲು ಬಯಲಿನಲ್ಲಿಯೇ ಉಳಿಯುತ್ತದೆ. ದನಗಳ ತಲೆ ಎಣಿಸಿ ಸ್ಥಾವರದ ಗಾತ್ರ ಗೊತ್ತುಮಾಡಿದವರು ಮೋಸ ಹೋಗುವುದು ಇಲ್ಲಿಯೇ.

2. ವಾರದ ಸರಾಸರಿ 50 ಕಿಲೋ ಇದ್ದರೆ 2 ಘನ ಮೀಟರಿನ ಸ್ಥಾವರ ನಡೆಯುತ್ತದೆ. ಐದರಿಂದ ಎಂಟು ಜನರ ಅಡಿಗೆಗೆ ಅನಿಲ ಸಾಕು. 25 ಕಿಲೋ ಮಾತ್ರ ಇದ್ದರೆ 1 ಘನ ಮೀಟರಿನದೇ ಸರಿ. ಸಹಾಯಧನ ಸಿಗುವುದೆಂದು ದೊಡ್ಡದನ್ನು ಕಟ್ಟಿಸಿ ಅರೆಹೊಟ್ಟೆಯಲ್ಲಿ ನಡೆಸಬೇಡಿರಿ.

3. ಸೆಗಣಿಯಷ್ಟೇ ನೀರೂ ಬೇಕೆಂಬುದನ್ನು ಮರೆಯಬೇಡಿರಿ. ಬೇಸಗೆಯಲ್ಲಿ ಆ ನೀರು ಎಲ್ಲಿಂದ ಬರುತ್ತದೆ, ಯಾರು ಹೊತ್ತು ತರುತ್ತಾರೆ ಎಂದು ಮೊದಲೇ ವಿಚಾರಿಸಿರಿ.

4. ಒಂದು ವಾರಕ್ಕಾಗುವ ಸೌದೆಯನ್ನು ತೂಗಿ ಬೇರೆ ಇಟ್ಟು ಅದರಿಂದಲೇ ತೆಗೆದು ಬಳಸಿರಿ. ವಾರದ ಕೊನೆಗೆ ಉಳಿದುದನ್ನು ತೂಗಿದರೆ ಖರ್ಚು ತಿಳಿಯುತ್ತದೆ. ಬಚ್ಚಲಿನ ಲೆಕ್ಕ ಬೇರೆ ಇಡಿರಿ.

5. ನೀರು, ಸೌದೆ, ಮೇವು ತರಲು ಮನೆಯಲ್ಲಿ ಯಾರು ಎಷ್ಟು ಹೊತ್ತು ಕಳೆದರು ಎಂಬುದನ್ನೂ ಬರೆಯಿರಿ. ಈ ಸಾಲನ್ನು ಬಿಟ್ಟರೆ ಉಳಿದ ಲೆಕ್ಕಕ್ಕೆ ಅರ್ಥವಿಲ್ಲ.

ವಾರ ಮುಗಿದ ಮೇಲೆ ಮನೆಯವರೆಲ್ಲ ಕುಳಿತು ಆ ಪುಟವನ್ನು ಓದಿರಿ. ಯಾವ ಹೊರೆ ಹೆಚ್ಚು, ಯಾವುದನ್ನು ಮೊದಲು ಇಳಿಸಬೇಕು ಎಂಬುದು ಆಗ ತಾನಾಗಿಯೇ ಹೊಳೆಯುತ್ತದೆ. ಅದು ಅನಿಲ ಸ್ಥಾವರವೇ ಆಗಬಹುದು, ಕೊಟ್ಟಿಗೆಯ ಪಕ್ಕಕ್ಕೆ ಒಂದು ನಲ್ಲಿಯೇ ಆಗಬಹುದು, ಸೂರಿನ ಮೇಲೆ ನೀರು ಕಾಯಿಸುವ ಸೌರ ಪೆಟ್ಟಿಗೆಯೂ ಆಗಬಹುದು. ಆ ಪುಟವನ್ನು ಹಿಡಿದುಕೊಂಡೇ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಸಲಹೆ ಕೇಳಿರಿ. ಲೆಕ್ಕ ತಂದವರಿಗೆ ದೊರೆಯುವ ಸಲಹೆಯೇ ಬೇರೆ, ಬರಿಗೈಲಿ ಬಂದವರಿಗೆ ದೊರೆಯುವ ಸಲಹೆಯೇ ಬೇರೆ.

ಅಷ್ಟು ದೊಡ್ಡ ವಿದ್ಯಾಸಂಸ್ಥೆಯೂ ಒಂದು ಊರಿನ ಅಗತ್ಯವನ್ನು ತಾನೇ ಊಹಿಸಿದಾಗ ತಪ್ಪಿತು, ಊರಿನವರನ್ನು ಕೇಳಿ ಅಳೆದಾಗ ಗೆದ್ದಿತು. ಅವರಿಗೆ 56 ಮನೆಗಳ ಲೆಕ್ಕ ಬೇಕಾಯಿತು. ನಿಮಗೆ ಬೇಕಾದುದು ನಿಮ್ಮ ಒಂದು ಮನೆಯ ಲೆಕ್ಕ. ನಾಳೆ ಬೆಳಿಗ್ಗೆ ಕೊಟ್ಟಿಗೆ ಗುಡಿಸುವ ಹೊತ್ತಿಗೆ ತಕ್ಕಡಿಯನ್ನು ಹೊರಗೆ ತಂದಿಡಿರಿ.